ಎಳೆ ಕೂಡುವ ತನಕ

ಒದ್ದೆ ಕಂಬಳಿಯ ವಾಸನೆ ನಿಮಗೂ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಜಹೀರಾಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ಈ ಮಳೆಗಾಲ ಹಳೆಯ ಕಂಬಳಿಯೊಂದನ್ನು ಹಗ್ಗದ ಮೇಲೆ ಹಾಕಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನ್ಯಾಲ್ಕಲ್ ಕಡೆಯ ನಮ್ಮೂರ ಮನೆ, ಕುರಿದೊಡ್ಡಿ, ಬೇವಿನ ಕೆಳಗೆ ಕಾಲು ಚಾಚಿ ಕೂತು ಉಣ್ಣೆ ನೂಲುವ ಬೀರಮ್ಮತ್ತೆ, ಎಲ್ಲ ಎದ್ದು ಬಂದವು. ಬೀರಮ್ಮತ್ತೆ ನಮ್ಮಪ್ಪನ ತಂಗಿ. ಕದಿರು ತಿರುಗಿಸುತ್ತ ಹಾಡುವಳು. ನಡುವೆ ಎಳೆ ಹರಿದರೆ, ತುದಿಗೆ ತುದಿ ಹೊಸೆದು ಕೂಡಿಸುವ ತನಕ ಅದೇ ಸ್ವರವನ್ನು ಎಳೆಯುತ್ತ ಇರುವಳು. ನಾನು ಅದನ್ನೂ ಹಾಡೆಂದೇ ಕಲಿತೆ. ಶಾಲೆಯಲ್ಲಿ ಹಾಗೇ ಎಳೆದೆಳೆದು ಹಾಡಿದಾಗ ಹುಡುಗಿಯರೆಲ್ಲ ನಕ್ಕರು. ಅಳುತ್ತ ಮನೆಗೆ ಬಂದರೆ ಅತ್ತೆಯೂ ನಕ್ಕಳು. "ಹುಚ್ಚಿ, ಅಲ್ಲಿ ನಂದು ಎಳಿ ಹರದಿತ್ತವ್ವ!"

ಆ ಮನೆ ಈಗಿಲ್ಲ. ಕುರಿ ಮಾರಿದೆವು, ಗೋಡೆ ಬಿತ್ತು, ಅತ್ತೆ ಅದಕ್ಕೂ ಮೊದಲೇ ಹೋದಳು. ಆಕೆಯ ದನಿಯನ್ನು ಯಾರೂ ಟೇಪಿನಲ್ಲಿ ಹಿಡಿದಿಡಲಿಲ್ಲ. ಅತ್ತೆಯ ಮಗಳು ನಾಗಮ್ಮ ಆಗ ತೊಟ್ಟಿಲ ಕೂಸು. ನಾನು ಕಂಪ್ಯೂಟರಿನಲ್ಲಿ ಹಾಡು ಕೂಡಿಸುವುದನ್ನು ಕಲಿಯುತ್ತಿದ್ದೇನೆಂದು ತಿಳಿದು, ಈಗ ತಾನೇ ಬಾಣಂತಿಯಾಗಿರುವ ಆಕೆ ಫೋನು ಮಾಡಿದಳು. "ಅಕ್ಕಾ, ನಮ್ಮವ್ವನ ಹಾಡು ನನಗ ನೆಪ್ಪಿಲ್ಲ. ನಿನಗ ನೆಪ್ಪದ. ಕೂಸಿಗಿ ಹಾಡಾಕ ಬೇಕು, ಮಾಡಿಕೊಡು."

ಹಾಡು ಕೂಡಿಸುವ ಮಿಡಿ ಎಂಬ ಸಾಫ್ಟ್‌ವೇರಿನ ಪರದೆ ತುಂಬ ಚೌಕಗಳು. ಸಣ್ಣ ಕೀಬೋರ್ಡಿನಲ್ಲಿ ನುಡಿಸಿದ ಒಂದೊಂದು ಸ್ವರವೂ ಅಲ್ಲಿ ಒಂದು ಪಟ್ಟಿಯಾಗಿ ಮೂಡುತ್ತದೆ. ನನ್ನ ಬೆರಳು ತಡವರಿಸಿದ್ದೆಲ್ಲಿ, ಅತ್ತೆ ಎಳೆದದ್ದೆಲ್ಲಿ, ನುಡಿಸಿದ್ದನ್ನು ಕೇಳಿದರೆ ನನಗೇ ತಿಳಿಯಲಿಲ್ಲ. ಸ್ವರಗಳನ್ನು ತಾಳಕ್ಕೆ ಹೊಂದಿಸುವ ಕ್ವಾಂಟೈಸ್ ಎಂಬ ಗುಂಡಿ ಇದೆ. ಹೊಸಬರಿಗೆ ಅದೇ ಆಸರೆ. ಒತ್ತಿದೆ. ಉದ್ದ ಉಳಿದದ್ದನ್ನು ಕತ್ತರಿಸಿ ಚೌಕಕ್ಕೆ ಕೂಡಿಸಿದೆ. ಕೇಳಲು ಚೆನ್ನಾಗಿತ್ತು, ಕಳಿಸಿಬಿಟ್ಟೆ. ಕಂಗೆಟ್ಟದ್ದು ಆಮೇಲೆ. ಅತ್ತೆ ಹಾಡಿದಂತೆಯೇ ಮತ್ತೆ ನುಡಿಸೋಣವೆಂದರೆ, ಅಷ್ಟು ಸಲ ಕೇಳಿದ್ದಕ್ಕೋ ಏನೋ, ಕಣ್ಣು ಮುಚ್ಚಿದರೂ ಕಿವಿಯೊಳಗೆ ಯಂತ್ರದ ಹಾಡೇ. ಅತ್ತೆಯ ಮುಖವಿದೆ, ಕೈಯಿದೆ, ತುಟಿ ಆಡುವುದೂ ಕಾಣುತ್ತದೆ. ದನಿ ಮಾತ್ರ ಬರುವುದಿಲ್ಲ.

ಮೊನ್ನೆ ತಾಂಡೂರಿಗೆ, ನಾಗಮ್ಮನ ಮನೆಗೆ ಹೋಗಿದ್ದೆ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ನಾನು ಕಳಿಸಿದ್ದನ್ನೇ ಹಾಡಿ ತೋರಿಸಿದಳು. ಎಲ್ಲೂ ತಡೆಯಲಿಲ್ಲ, ಎಲ್ಲೂ ಎಳೆಯಲಿಲ್ಲ. ಹಾಡಿ ಮುಗಿಸಿ ಕಣ್ಣೊರೆಸಿಕೊಂಡಳು.

"ನಮ್ಮವ್ವ ಹಿಂಗೇ ಹಾಡ್ತಿದ್ಳೇನಕ್ಕಾ?"

"ಹೂಂ ನಾಗಿ, ಹಿಂಗೇ," ಅಂದೆ. ಅಲ್ಲವೆಂದು ಹಾಡಿ ತೋರಿಸಲು ನನ್ನ ಬಳಿಯೂ ಬೇರೆ ಹಾಡು ಉಳಿದಿರಲಿಲ್ಲ.