ಬಾಷಾ ಸಾಹೇಬರ ರಿಫ್ರೆಶ್

ಶಿವಾಜಿನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರೋ ಬಾಷಾ ಸಾಹೇಬರ ಕಂಪ್ಯೂಟರ್‌ಗೆ ಗಿರಾಕಿಗಳ ಪೆನ್‌ಡ್ರೈವ್‌ನಿಂದ ವಾರಕ್ಕೊಂದು ವೈರಸ್ ಬರ್ತಿತ್ತು. ಪ್ರತಿ ಸಲ ಹೋಗಿ ರಿಪೇರಿ ಮಾಡಿ ನನಗೆ ಸಾಕಾಗಿ, ಒಂದು ದಿನ ಹಳೇ ಆಪರೇಟಿಂಗ್ ಸಿಸ್ಟಮ್ಮನ್ನೇ ತೆಗೆದು, ವೈರಸ್ ಅಷ್ಟಾಗಿ ತಾಗದ, ಪುಕ್ಕಟೆ ಸಿಗೋ ಲಿನಕ್ಸ್ ಹಾಕಿಕೊಟ್ಟೆ. ಪ್ರಿಂಟರ್ ಓಡಿತು, ಸ್ಕ್ಯಾನರ್ ಓಡಿತು. ಸಾಹೇಬರ ಮುಖ ಮಾತ್ರ ಸಪ್ಪಗಿತ್ತು.

"ರಿಫ್ರೆಶ್ ಎಲ್ಲಿ ಸಾರ್?"

ಯಾವ ಕೆಲಸಕ್ಕೆ ಕೂತರೂ ಅವರು ಮೊದಲು ಮೌಸಿನ ಬಲಗಡೆ ಒತ್ತಿ ನಾಲ್ಕೈದು ಸಲ ರಿಫ್ರೆಶ್ ಮಾಡೋರು. ಲಿನಕ್ಸ್‌ನಲ್ಲಿ ಹಾಗೆ ಒತ್ತಿದಾಗ ಬಂದ ಪಟ್ಟಿಯಲ್ಲಿ ಅದು ಇರಲಿಲ್ಲ.

"ಅದ್ರಿಂದ ಏನೂ ಆಗಲ್ಲ ಸಾಹೇಬ್ರೆ, ಬೇಕಾಗೇ ಇಲ್ಲ."

"ಇಪ್ಪತ್ತು ವರ್ಷದಿಂದ ಮಾಡ್ತಿದೀನಿ. ಅದಿಲ್ದೆ ಕೈ ಓಡಲ್ಲ. ಹಳೇದೇ ಹಾಕ್ಬಿಡಿ."

ಮತ್ತೆ ವಾರವಾರ ಇಲ್ಲಿಗೆ ಬರೋದನ್ನ ನೆನೆಸಿಕೊಂಡೆ. ಕೂತು ಆ ಪಟ್ಟಿಗೆ 'ರಿಫ್ರೆಶ್' ಅಂತ ಒಂದು ಸಾಲು ಸೇರಿಸಿದೆ. ಒತ್ತಿದರೆ ಏನೂ ಆಗಲ್ಲ. ಸಾಹೇಬರು ಐದು ಸಲ ಒತ್ತಿ ಕುರ್ಚಿಗೆ ಒರಗಿದರು.

"ನೋಡಿ, ಈಗ ಎಷ್ಟು ಫಾಸ್ಟ್ ಆಯ್ತು."

ಹೌದು ಅಂದೆ. ಆರು ತಿಂಗಳಾಯ್ತು, ಅವರು ಮತ್ತೆ ಕರೆದಿಲ್ಲ. ಅದೇ ಸಾಲನ್ನ ಈಗ ನನ್ನ ಕಂಪ್ಯೂಟರ್‌ಗೂ ಸೇರಿಸಿಕೊಂಡಿದ್ದೀನಿ. ಬೆಳಗ್ಗೆ ಮೂರು ಸಲ ಒತ್ತದಿದ್ದರೆ ನನಗೂ ಕೈ ಓಡಲ್ಲ.