ದಡಬಡಕ್ಕ ಯಾರೆಂದರೆ

ವೈನಿ, ದಡಬಡಕ್ಕ ನೀವೇ. ಅಂದು ಶಹಾಬಾದಿನ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನೀವು ಕೇಳಿದಾಗ ಅಲ್ಲವೆಂದೆ. ಸುಳ್ಳು ಹೇಳಿದೆ.

ಅಣ್ಣನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಅವನ ಕೈಹಿಡಿದು ಬಂದ ನೀವು ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಿರಿ. ನಾನು ನಿಮ್ಮಿಬ್ಬರ ಅನ್ನ ಉಂಡು, ಮಕ್ಕಳ ಪುಸ್ತಕಗಳಿಗೆ ಆನೆ, ನರಿ, ರಾಜಕುಮಾರ ಎಂದು ಕೇಳಿದ್ದರ ಚಿತ್ರವನ್ನೆಲ್ಲ ಬರೆದುಕೊಡುತ್ತಿದ್ದೆ.

ಆ ದಿನಗಳಲ್ಲೇ ಚಿತ್ತಾಪುರದಿಂದ ಸುದ್ದಿ ಬಂತು — ನಿಮ್ಮ ತಾಯಿಗೆ ಹುಷಾರಿಲ್ಲ. ನೀವೊಬ್ಬರೇ ಹೊರಟಿರಿ. ವಾಡಿಯಲ್ಲಿ ಗಾಡಿ ಬದಲಿಸುವ ಗಡಿಬಿಡಿಯಲ್ಲಿ ಬೇರೆ ಗಾಡಿ ಹತ್ತಿ ಯಾದಗಿರಿಯಲ್ಲಿ ಇಳಿದಿರಿ. ಮರಳಿ ಚಿತ್ತಾಪುರ ಮುಟ್ಟುವಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಗಾಡಿ ತಡವಾಯಿತೆಂದು ಎಲ್ಲರಿಗೂ ಹೇಳಿದಿರಿ. ಮನೆಗೆ ಬಂದ ಮೇಲೆ ನನ್ನೆದುರು ಮಾತ್ರ ಅತ್ತಿರಿ.

"ಬೋರ್ಡ್ ನೋಡಲಾರದ ಹತ್ತಿಬಿಟ್ಟೆನೋ. ನಿಮ್ಮ ಅಣ್ಣಗೂ ಹೇಳಿಲ್ಲ. ಯಾರ ಮುಂದೂ ಅನಬ್ಯಾಡ."

ಯಾರ ಮುಂದೂ ಅನಲಿಲ್ಲ. ಬರೆದೆ.

ಧಾರವಾಡದ ಮಕ್ಕಳ ಪತ್ರಿಕೆಯೊಂದು ತಿಂಗಳಿಗೊಂದು ಪುಟ ನಗೆಚಿತ್ರದ ಕಥೆ ಕೇಳಿತ್ತು. ಏನೂ ಹೊಳೆಯದೆ ಒದ್ದಾಡುತ್ತಿದ್ದೆ. ಒಂದು ಮಧ್ಯಾಹ್ನ ನಲ್ಲಿಗೆ ನೀರು ಬಂತೆಂದು ನೀವು ಸೆರಗು ಸಿಕ್ಕಿಸಿಕೊಂಡು ಓಡಿದಿರಿ — ಆ ಉದ್ದ ಕತ್ತು, ಮುಂದೆ ಬಂದ ಹಲ್ಲು... ಕೈ ತಾನಾಗಿ ಓಡಿತು ಎನ್ನಬಹುದು. ಹಾಗಲ್ಲ, ನಾನೇ ಓಡಿಸಿದೆ. ದಡಬಡಕ್ಕ ಎಂದು ಹೆಸರಿಟ್ಟೆ. ಮೊದಲ ಕಥೆಯಲ್ಲೇ ಅವಳನ್ನು ತಪ್ಪು ಗಾಡಿ ಹತ್ತಿಸಿದೆ. ಸಾವಿನ ಮನೆಯನ್ನು ಮದುವೆ ಮನೆ ಮಾಡಿದೆ. ಅವಳು ಮುಟ್ಟುವಷ್ಟರಲ್ಲಿ ಎಲ್ಲರೂ ಉಂಡು ಕೈ ತೊಳೆಯುತ್ತಿರುತ್ತಾರೆ.

ಪತ್ರಿಕೆ ಬಂದ ದಿನ ನೀವು ಅದನ್ನು ಕೈಯಲ್ಲಿ ಹಿಡಿದೇ ಕೇಳಿದಿರಿ.

"ಇಕಿ ನಾನೇನೋ?"

"ಅಲ್ರಿ ವೈನಿ. ಯಾರೂ ಅಲ್ಲ, ಸುಮ್ಮ ಮನಸಿಗೆ ಬಂದದ್ದು."

"ಹಂಗಾರ ಬಿಡು."

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಆ ಕಡೆ ತಿರುಗಿದಿರಿ. ಆಮೇಲೂ ಊಟಕ್ಕೆ ಕರೆದಿರಿ, ನನ್ನ ಅಂಗಿ ಒಗೆದಿರಿ. ಮನಸ್ಸಿನ ಮಾತು ಮಾತ್ರ ನನ್ನ ಮುಂದೆ ಮತ್ತೆಂದೂ —

ಓಣಿಯ ಮಕ್ಕಳು ನಿಮ್ಮನ್ನು ಆ ಹೆಸರಿನಿಂದಲೇ ಕೂಗತೊಡಗಿದವು. ಬಾಲವಾಡಿಯ ಮಕ್ಕಳೂ ಕಲಿತವು. ಮೊಣಕಾಲು ನೋವೆಂದು ಅಣ್ಣನಿಗೆ ಹೇಳಿ ಕೆಲಸ ಬಿಟ್ಟಿರಿ. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿರಿ. ಎಲ್ಲ ಕಂಡೆ. ಕಂಡೂ ತಿಂಗಳು ತಿಂಗಳು ಬರೆದೆ, ವರ್ಷಗಟ್ಟಲೆ. ನನಗೆ ಹೆಸರು ತಂದವಳು ಅವಳೇ. ಪತ್ರಿಕೆಯಲ್ಲಿ ಕಾಯಂ ಕೆಲಸವೂ ಅವಳಿಂದಲೇ ಸಿಕ್ಕಿತು.

ಈಗ ಆ ಕಥೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತೇವೆ ಎಂದು ಪ್ರಕಾಶಕರು ಕೇಳಿದರು. ಬೇಡವೆಂದೆ. ಅದರಿಂದ ಸರಿಹೋದದ್ದಾದರೂ ಏನು? ಹೋದ ವಾರ ಶಹಾಬಾದಿಗೆ ಬಂದದ್ದು ನಿಮಗೆ ಇದನ್ನು ಹೇಳಲಿಕ್ಕೇ. ಹೇಳಬೇಕೆಂದು ಕೂತೆ, ಆಗದೆ ಎದ್ದು ಅಂಗಳಕ್ಕೆ ಹೋದೆ, ಮತ್ತೆ ಬಂದು ಕೂತೆ.

"ಯಾಕೋ, ಒಂದ್ಕಡೆ ಕುಂದ್ರವಲ್ಲಿ? ಆರಾಮ ಇದ್ದೀಯಿಲ್ಲೋ?" ಎಂದು ಚಹಾ ಕೊಟ್ಟಿರಿ.

"ಭಾಳ ಆರಾಮ ಇದ್ದೀನ್ರಿ ವೈನಿ," ಎಂದು ಇನ್ನೊಂದು ಸುಳ್ಳು ಹೇಳಿ ಹೊರಟುಬಂದೆ.

ವಯಸ್ಸು ಚಿಕ್ಕದಿತ್ತು, ಪತ್ರಿಕೆಯವರ ಅವಸರವಿತ್ತು — ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆದರೆ ಒಂದು ಮಾತು ಉಳಿದಿದೆ, ಅದನ್ನು ಬಿಟ್ಟರೆ ಈ ಪತ್ರವೂ ಅರ್ಧ ಸುಳ್ಳೇ. ತಡವಾಗಿ ಮುಟ್ಟಿ ಬಾಗಿಲಲ್ಲಿ ನಿಂತ ನಿಮ್ಮ ಮುಖವನ್ನು ಬರೆಯುವಾಗ, ವೈನಿ — ನನಗೆ ನಗು ಬಂದಿತ್ತು.