ವಾರ್ತೆ ಓದಲು ಕಲಿಸಿದ ಅಕ್ಕೋರು

ಮೈಕಿನ ಮುಂದೆ ಕೂಡುವ ಮೊದಲು ಅಕ್ಕೋರು ಕೈಯ ಹಸಿರು ಗಾಜಿನ ಬಳೆಗಳನ್ನೆಲ್ಲ ಮೊಣಕೈಯವರೆಗೆ ಏರಿಸಿ, ಜಾರದಂತೆ ಕರವಸ್ತ್ರದಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು. ವಾರ್ತೆಯ ನಡುವೆ ಬಳೆಯ ಸದ್ದು ಬರಬಾರದು. ತೆಗೆದಿಡೋಣವೆಂದರೆ ಮನೆಯಲ್ಲಿ ಅತ್ತೆ ಒಪ್ಪುತ್ತಿರಲಿಲ್ಲ. ಗಂಟು ಬಿಚ್ಚಿದ ಮೇಲೂ ತೋಳಿನ ಮೇಲೆ ಸಾಲುಸಾಲು ಕೆಂಪು ಗೆರೆಗಳು ಬಹಳ ಹೊತ್ತು ಉಳಿಯುತ್ತಿದ್ದವು.

ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದವರು. ವಾರಕ್ಕೊಮ್ಮೆ ರೇಡಿಯೋದಲ್ಲಿ ಮರಾಠಿಯಲ್ಲಿ ಊರಿನ ಸುದ್ದಿ ಓದುತ್ತಿದ್ದರು; ಕಾಯಂ ನೌಕರಿಯಲ್ಲ, ಕರೆದಾಗ ಹೋಗುವ ಕೆಲಸ. ಉಳಿದ ದಿನ ನಮ್ಮ ಕಾಲೇಜಿನ ಸರ್ಟಿಫಿಕೇಟ್ ಕೋರ್ಸಿಗೆ ಪಾಠ: ಪತ್ರಿಕೆ, ರೇಡಿಯೋಗಳಿಗೆ ಸುದ್ದಿ ಎಲ್ಲಿಂದ ಬರುತ್ತದೆ, ಅದನ್ನು ಓದುವುದು ಹೇಗೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮಪ್ಪ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತರು. ನಾನು ಟೀಚರಾಗಲಿ ಎಂದು ಅವರಿಗೆ ಆಸೆ. ನಾನು ಹಟಮಾಡಿ ಈ ಕೋರ್ಸಿಗೆ ಸೇರಿದ್ದೆ.

ಹನ್ನೊಂದು ಹುಡುಗಿಯರಿಗೆ ಒಂದೇ ಟೇಪ್‌ರೆಕಾರ್ಡರು. ಅಭ್ಯಾಸಕ್ಕೆ ಮೈಕಿನ ಬದಲು ಕೋಲಿಗೆ ಕಟ್ಟಿದ ಅಲ್ಯೂಮಿನಿಯಂ ಲೋಟ. ತಪ್ಪಿದರೆ "ಪುನ್ಹಾ ವಾಚ" ಎಂದು ಮರಾಠಿಯಲ್ಲಿ ಮತ್ತೆ ಓದಿಸುತ್ತಿದ್ದರು. ಕನ್ನಡದವಳು ನಾನೊಬ್ಬಳೇ ಆದ್ದರಿಂದ ನನಗೆ ಮಾತ್ರ ಬೈಗುಳ ಕನ್ನಡದಲ್ಲಿ: "ಬಾಯಾಗ ಹೋಳಿಗಿ ಇಟಗೊಂಡು ಓದಬ್ಯಾಡ!" ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಂದಿಡುತ್ತಿದ್ದವರೂ ಅವರೇ. ಹೆಸರಿನ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. "ಬರಕೊಂಡ ಹೆಸರು ಅವರ ಮುಂದನ ಓದಿ ತೋರಸಬೇಕು. ಅವರು ಹೌದು ಅಂದ ಮ್ಯಾಲನ ಅದು ಸುದ್ದಿ."

ಒಂದು ದಿನ ಕಾತ್ರಜದ ಹತ್ತಿರ ಕಟ್ಟುತ್ತಿದ್ದ ಗೋಡೆ ಕುಸಿಯಿತು. ಸತ್ತವರೆಲ್ಲ ಗುಲ್ಬರ್ಗಾ ಕಡೆಯಿಂದ ದುಡಿಯಲು ಬಂದವರು. ಮರುದಿನದ ಪತ್ರಿಕೆಯಲ್ಲಿ "ಐವರು ಕೂಲಿಗಳ ಸಾವು" ಎಂದಷ್ಟೇ ಇತ್ತು. ಅಂದು ಸಂಜೆ ಅಕ್ಕೋರ ಸರದಿ.

"ಐದು ಮಂದಿಗೆ ಹೆಸರ ಇಲ್ಲೇನು? ನಿನಗ ಕನ್ನಡ ಬರತದ, ಹೋಗಿ ಕೇಳಕೊಂಡು ಬಾ" ಎಂದು ನನ್ನನ್ನು ಕಳಿಸಿದರು.

ನಾನು ಅಲ್ಲಿ ಮುಟ್ಟಿದಾಗ ಗುಡಿಸಲುಗಳ ಮುಂದೆ ಹೆಂಗಸರು ನೆಲಕ್ಕೆ ಬಿದ್ದು ಅಳುತ್ತಿದ್ದರು. ನಾನು ದೂರದಲ್ಲೇ ನಿಂತೆ. ಒಬ್ಬ ಮುದುಕ ಒಂದೊಂದೇ ಹೆಸರು ಹೇಳಿದ. ಬರೆದುಕೊಂಡದ್ದೇ ತಡ, ಬಸ್ಸಿನ ಕಡೆ ಓಡಿದೆ.

"ಓದಿ ತೋರಿಸಿದಿ?" ಎಂದು ಅಕ್ಕೋರು ಕೇಳಿದರು.

"ಹೂಂರಿ ಅಕ್ಕೋರ" ಎಂದೆ.

ಸಂಜೆಯ ವಾರ್ತೆಯಲ್ಲಿ, ರೇಡಿಯೋದವರು ಕೊಟ್ಟ ಕಾಗದದಲ್ಲಿ ಇಲ್ಲದಿದ್ದರೂ ಅವರು ಐದೂ ಹೆಸರು ಓದಿದರು, ಒಂದೊಂದರ ನಡುವೆ ತುಸು ನಿಂತು. ಕೊನೆಯ ಹೆಸರು ಶರಣಮ್ಮ.

ಮುದುಕ ಹೇಳಿದ್ದು "ಶರಣಮ್ಮನ ನಾದಿನಿ" ಎಂದು. ಅಳುವಿನ ಗದ್ದಲದಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲ ಮಾತಷ್ಟೇ. ಶರಣಮ್ಮ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಸಾಸವಡದ ರಸ್ತೆ ಕೆಲಸದಲ್ಲಿದ್ದ ಅವಳ ತಾಯಿಗೆ, ರೇಡಿಯೋದಲ್ಲಿ ಮಗಳ ಹೆಸರು ಬಂತೆಂದು ಯಾರೋ ಹೇಳಿದರು. ಮುದುಕಿ ಎದೆ ಬಡಿದುಕೊಳ್ಳುತ್ತ ಲಾರಿ ಹತ್ತಿ ಬಂದಳಂತೆ. ನಿಜವಾಗಿ ಸತ್ತ ನಾದಿನಿಯ ಹೆಸರನ್ನು ಯಾರೂ ಎಲ್ಲಿಯೂ ಓದಲಿಲ್ಲ.

ಮರುದಿನ ಕಾಲೇಜಿನ ಆಫೀಸಿಗೆ ರೇಡಿಯೋದವರ ಫೋನು ಬಂತು. ನಾನು ಪಕ್ಕದಲ್ಲೇ ನಿಂತಿದ್ದೆ. ಹೆಸರು ಯಾರು ತಂದರೆಂದು ಕೇಳಿರಬೇಕು. ಅಕ್ಕೋರು ಮರಾಠಿಯಲ್ಲಿ, "ನಾನೇ ವಿಚಾರಿಸಿದ್ದು. ತಪ್ಪು ನನ್ನದೇ" ಎಂದು ಫೋನಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಖರೇನ ಓದಿ ತೋರಿಸಿದ್ದಿ?"

"ಹೂಂರಿ."

"ನಾ ಈಗ ಕಾತ್ರಜಕ್ಕ ಹೊಂಟೀನಿ, ಅವರ ಕಾಲಿಗೆ ಬೀಳಲಿಕ್ಕೆ. ಬರತಿಯೇನು?"

ಜ್ವರ ಬಂದಿದೆ ಎಂದೆ. ಅವರು ಒಬ್ಬರೇ ಹೋಗಿ ಬಂದರು.

ರೇಡಿಯೋದವರು ಮತ್ತೆ ಅವರನ್ನು ಕರೆಯಲಿಲ್ಲ. ಕ್ಲಾಸಿನಲ್ಲಿ ಏನೂ ಬದಲಾಗಲಿಲ್ಲ. ಲೋಟದ ಮುಂದೆ ಕೂಡಿಸಿ ನನ್ನನ್ನು ಮೊದಲಿನಂತೆಯೇ ತಿದ್ದಿದರು. ಎರಡು ವರ್ಷದ ಮೇಲೆ ಅವರು ಓದುತ್ತಿದ್ದ ಕಾರ್ಯಕ್ರಮಕ್ಕೇ ಧ್ವನಿಪರೀಕ್ಷೆ ನಡೆದಾಗ ತಮ್ಮ ಮನೆಗೆ ಕರೆಸಿ ವಾರವಿಡೀ ಓದಿಸಿದರು. ಕೆಲಸ ನನಗೆ ಸಿಕ್ಕಿತು.

ಎಂಬತ್ತರ ದಶಕದ ನಡುವೆ ಅವರಿಗೆ ಮೂತ್ರಪಿಂಡದ ಕಾಯಿಲೆಯಾಯಿತು. ನೋಡಲು ಹೋದೆ. ಮುಖ ಬಾತುಕೊಂಡಿತ್ತು, ದನಿ ಮಾತ್ರ ಹಾಗೇ ಇತ್ತು. ಹಾಸಿಗೆಯ ಪಕ್ಕ ಕೂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ.

"ಗೊತ್ತದವಾ" ಎಂದರು. "ಆ ಮುದುಕ ಅವತ್ತ ಹೇಳಿದ್ದ. ಹುಡುಗಿ ಬರಕೊಂಡಾಕಿನ ಓಡಿಹೋದ್ಲು ಅಂತ."

"ಮತ್ತ ನೀವು ನನ್ನ ಕೇಳಲೇ ಇಲ್ಲಲ್ಲರಿ?"

"ಎರಡು ಸಲ ಕೇಳಿದ್ದೆ. ಮೂರನೇ ಸಲ ಕೇಳಿದ್ರ ಮೂರನೇ ಸುಳ್ಳು ಹೇಳತಿದ್ದಿ." ಗೋಡೆಯ ಕಡೆ ಹೊರಳಿದರು. "ಹೋಗು, ನಿನ್ನ ವಾರ್ತೆಗೆ ಹೊತ್ತಾತು" ಎಂದರು.

ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ತೀರಿಕೊಂಡರು. ನಾನು ಸ್ಮಶಾನ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಯಜಮಾನರು ನನ್ನ ಕೈ ಹಿಡಿದು ನೆಂಟರ ಮುಂದೆ ನಿಲ್ಲಿಸಿ, "ಇವಳೇ ನೋಡ್ರಿ, ಆಕಿಗೆ ಭಾಳ ಹೆಮ್ಮೆ ಇದ್ದ ಶಿಷ್ಯೆ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವರಿಗೆಲ್ಲ ಕೈಮುಗಿದೆ.